ಕಾಲಿಗೆ ನೀರು ಕೊಟ್ಟವರು

ಮೊದಲೇ ಹೇಳಿಬಿಡುತ್ತೇನೆ, ನಾನೀಗ ಚೆನ್ನಾಗಿದ್ದೇನೆ. ಉಪ್ಪು ಕಡಿಮೆ ತಿನ್ನುತ್ತೇನೆ, ವರ್ಷಕ್ಕೆರಡು ಸಲ ರಕ್ತ ತಪಾಸಣೆ ಮಾಡಿಸಿಕೊಂಡು ಬರುತ್ತೇನೆ. ಬಲಗಾಲಿನ ಪಾದದ ಮೇಲೆ ಅಂಗೈಯಗಲದ ಕಲೆ ಇದೆ, ಥಂಡಿ ದಿನಗಳಲ್ಲಿ ಸೆಳೆಯುತ್ತದೆ. ಅಷ್ಟೇ. ಹಾವು ಕಚ್ಚಿ ಕಿಡ್ನಿ ನಿಂತುಹೋದವರ ಮನೆಯ ಜನ ಆಗೊಮ್ಮೆ ಈಗೊಮ್ಮೆ ಯಾರನ್ನೋ ಕೇಳಿಕೊಂಡು ನನ್ನನ್ನು ಹುಡುಕಿ ಬರುತ್ತಾರೆ. ಅವರಿಗೆ ನಾನು ಹೇಳುವುದು ಎರಡೇ ಮಾತು. ಒಂದು, ಡಯಾಲಿಸಿಸ್ ಎಂದ ಕೂಡಲೇ ಎಲ್ಲ ಮುಗಿಯಿತು ಎಂದು ಎದೆ ಒಡೆದುಕೊಳ್ಳಬೇಡಿ, ವಿಷದಿಂದ ನಿಂತ ಕಿಡ್ನಿ ಎಷ್ಟೋ ಸಲ ತಿರುಗಿ ಕೆಲಸ ಶುರು ಮಾಡುತ್ತದೆ. ಇನ್ನೊಂದು, ಎಲ್ಲಿ ಕಚ್ಚಿತು, ಯಾವಾಗ ಕಚ್ಚಿತು, ಏನು ಕಚ್ಚಿತು ಎಂಬುದನ್ನು ಡಾಕ್ಟರರಿಗೆ ಇದ್ದದ್ದು ಇದ್ದ ಹಾಗೆ ಹೇಳಿ. ಈ ಎರಡನೆಯ ಮಾತು ಹೇಳುವಾಗ ನನ್ನ ದನಿ ಯಾಕೆ ಅಷ್ಟು ಗಡುಸಾಗುತ್ತದೆ ಎಂದು ಪಾಪ ಅವರಿಗೆ ತಿಳಿಯುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿದ್ದ ಕಾಲ. ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ನಮ್ಮ ಮನೆ. ನಾನು ಹತ್ತಿರದ ಶಾಲೆಯೊಂದರಲ್ಲಿ ಐದನೆಯ ತರಗತಿಯ ಟೀಚರು. ನಮ್ಮ ಮನೆಯವರಿಗೆ ಪೇಟೆಯಲ್ಲಿ ಬೀಜದ ಅಂಗಡಿ. ಮನೆಯಲ್ಲಿ ಅತ್ತೆ, ನಾದಿನಿ ಗೀತಾ ಮತ್ತು ನಾವಿಬ್ಬರು. ಮಾವನವರು ತೀರಿಕೊಂಡಾಗ ಗೀತಾ ಇನ್ನೂ ಲಂಗ ಉಡುವ ಹುಡುಗಿ. ಅಂದಿನಿಂದ ಅವಳನ್ನು ಓದಿಸಿ ಬೆಳೆಸಿದವರು ನಮ್ಮ ಮನೆಯವರೇ. ನಮಗೆ ಮಕ್ಕಳಾಗಲಿಲ್ಲ, ಅವಳೇ ಮಗಳು ಎಂದು ಇಬ್ಬರೂ ಅಂದುಕೊಂಡಿದ್ದೆವು.

ಅವಳಿಗೆ ಧಾರವಾಡದ ಸಂಬಂಧ ಗಟ್ಟಿಯಾಯಿತು. ಗಂಡಿನ ತಂದೆ ಶಂಕ್ರಪ್ಪನವರು ಕಾಳಿನ ದೊಡ್ಡ ವ್ಯಾಪಾರಸ್ಥರು. ಹಳಿಯಾಳ ರಸ್ತೆಯಲ್ಲಿ ಕಾಡಿನಂಚಿಗೆ ಇದ್ದ ತಮ್ಮ ಹೊಲದಲ್ಲಿ ಒಂದು ರಿಸಾರ್ಟು ತೆಗೆದಿದ್ದರು. ಪಟ್ಟಣದ ಜನಕ್ಕೆ ಹಳ್ಳಿ ತೋರಿಸುವುದು ಅದರ ಉದ್ದೇಶ. ಮಣ್ಣಿನ ಗೋಡೆ, ಬಣ್ಣ ಬಳಿದ ಬಂಡಿ, ಬೀಸುವ ಕಲ್ಲು, ಅಂಗಳದ ಆಚೆ ಜೋಳದ ದಂಟಿನ ಎತ್ತರದ ಬಣವಿ. ಆ ಬಣವಿಯಿಂದ ಯಾವ ದನಕ್ಕೂ ಒಂದು ಹಿಡಿ ಮೇವು ಹೋಗುತ್ತಿರಲಿಲ್ಲ, ಅದು ಫೋಟೋ ತೆಗೆಸಿಕೊಳ್ಳಲು ಇದ್ದ ಬಣವಿ. ಒಟ್ಟಿದ ದಿನದಿಂದ ಅಲುಗಾಡಿಸದ ಬಣವಿಯಲ್ಲಿ ಇಲಿ ಸೇರುತ್ತವೆ, ಇಲಿಯ ಹಿಂದೆ ಮತ್ತೇನು ಬರುತ್ತದೆ ಎಂಬುದು ಒಕ್ಕಲುತನದ ಮನೆಯಲ್ಲಿ ಹುಟ್ಟಿದ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

ದಸರಾ ರಜೆಯಲ್ಲಿ ಬೀಗರು ನಮ್ಮನ್ನೆಲ್ಲ ಊಟಕ್ಕೆ ಅಲ್ಲಿಗೇ ಕರೆದರು. ಬಾಗಿಲಲ್ಲೇ ಇಳಕಲ್ ಸೀರೆ ಉಟ್ಟ ನೀಲವ್ವ ಎಂಬ ಹೆಂಗಸು ತಾಮ್ರದ ತಂಬಿಗೆ ಹಿಡಿದು ನಿಂತಿದ್ದಳು. ಬಂದವರಿಗೆ ಕಾಲಿಗೆ ನೀರು ಕೊಡುವುದು ನಮ್ಮ ಕಡೆಯ ಮರ್ಯಾದೆ. ಆದರೆ ಅಲ್ಲಿ ಅದನ್ನು ಒಂದು ಆಟ ಮಾಡಿದ್ದರು. ಚಪ್ಪಲಿ ಬಿಚ್ಚಿಸಿ ಕಟ್ಟಿಗೆಯ ಗೂಡಿನಲ್ಲಿಟ್ಟು ಕೀಲಿ ಹಾಕುತ್ತಿದ್ದರು. ಹೊರಡುವ ತನಕ ಎಲ್ಲರೂ ಬರಿಗಾಲಲ್ಲೇ ತಿರುಗಬೇಕು, ಮಣ್ಣು ಕಾಲಿಗೆ ತಾಗಬೇಕು, ಅದೇ ಹಳ್ಳಿಯ ಸುಖ ಎಂದು ಶಂಕ್ರಪ್ಪನವರು ಎಲ್ಲರಿಗೂ ವಿವರಿಸಿದರು. ಕಾಲಿಗೆ ನೀರು ಕೊಡುವುದು ಮನೆಯೊಳಗೆ ಕಾಲಿಡುವುದಕ್ಕೆ, ಹುಲ್ಲಿನಲ್ಲಿ ತಿರುಗುವುದಕ್ಕಲ್ಲ. ನಮ್ಮಪ್ಪ ಹೊಲಕ್ಕೆ ಹೋಗುವಾಗ ಎಮ್ಮೆಯ ತೊಗಲಿನ ಕೆರ ಮೆಟ್ಟದೆ ಒಂದು ದಿನ ಹೋದವರಲ್ಲ. ಇದನ್ನು ನಾನು ಬಾಯಿಬಿಟ್ಟು ಹೇಳಬಹುದಿತ್ತು. ಹೇಳಲಿಲ್ಲ. ಹೆಣ್ಣು ಕೊಡುವವರು ನಾವು, ಅದರಲ್ಲೂ ನಾನು ಹೊರಗಿನಿಂದ ಬಂದ ಸೊಸೆ, ಬಾಗಿಲಲ್ಲೇ ಕೊಂಕು ತೆಗೆದರೆ ಹೇಗೆ? ಸುಮ್ಮನೆ ಚಪ್ಪಲಿ ಬಿಟ್ಟೆ.

ಮಧ್ಯಾಹ್ನ ಪಂಕ್ತಿಗೆ ಎಲೆ ಹಾಕಿದರು. ಕೈ ತೊಳೆಯುವ ನಳ ಬಣವಿಯ ಮಗ್ಗುಲಿಗೇ ಇತ್ತು. ನಳ ತಿರುಗಿಸಿ ನಿಂತೆ, ಕುಕ್ಕರಿನ ಸೀಟಿ ಬಿಚ್ಚಿದ ಹಾಗೆ ಉಸ್ಸೆಂದು ಒಂದು ಸಪ್ಪಳ, ಅದರ ಹಿಂದೆಯೇ ಪಾದಕ್ಕೆ ಬೆಂಕಿ ಇಟ್ಟಂತಾಯಿತು. ಕಂದು ಬಣ್ಣದ್ದೊಂದು ದಂಟಿನೊಳಗೆ ಸರಿದುಹೋಯಿತು. ಪೂರ್ತಿ ಕಾಣಲಿಲ್ಲ. ಪಾದದ ಮೇಲೆ ಎರಡು ಸಣ್ಣ ರಕ್ತದ ಬೊಟ್ಟು.

ಅಲ್ಲೇ ಕೂಗಿಕೊಂಡಿದ್ದರೆ ಕತೆ ಬೇರೆಯಾಗುತ್ತಿತ್ತು. ನಾನು ಕುಂಟುತ್ತ ಬಂದು ನಮ್ಮ ಮನೆಯವರ ಕಿವಿಯಲ್ಲಿ ಹೇಳಿದೆ. ಬೀಗರ ಪಂಕ್ತಿಯಲ್ಲಿ ಹಿರಿಯರು ಏಳುವ ತನಕ ಯಾರೂ ಏಳಬಾರದು, ಎಲೆಯ ಮುಂದಿನಿಂದ ಎದ್ದರೆ ಅಪಶಕುನ ಎನ್ನುತ್ತಾರೆ. ಅವರು ಅತ್ತಿತ್ತ ನೋಡಿ, ಮೆಲ್ಲಗೆ ಹೇಳಿದರು:

"ಹೋಳಿಗಿ ಬಡಸಾಕತ್ತಾರ, ಶಾಂತಾ. ಒಂದ್ ತುತ್ತು ತಿಂದು ಏಳೂಣು."

ಮತ್ತು ನಾನು, ಹುಚ್ಚಿ, ಕುಳಿತೆ. ಆ ತಪ್ಪು ನನ್ನದೂ ಹೌದು, ಇನ್ನೊಬ್ಬರ ತಲೆಗೆ ಕಟ್ಟುವುದಿಲ್ಲ. ಎಲೆಯ ಮೇಲೆ ತುಪ್ಪ ಬೀಳುವಷ್ಟರಲ್ಲಿ ಕಾಲು ಬಾತು ಕಾಲುಂಗುರ ಮಾಂಸದಲ್ಲಿ ಹೂತುಹೋಗಿತ್ತು. ಆಮೇಲೆ ಅದೇ ಎಲೆಯ ಮೇಲೆ ವಾಂತಿ ಮಾಡಿಕೊಂಡೆ. ಪಂಕ್ತಿ ಎದ್ದಿತು.

ಶಂಕ್ರಪ್ಪನವರೇ ತಮ್ಮ ಕಾರು ತೆಗೆದರು. ಜಾಲಿಯ ಮುಳ್ಳು ಚುಚ್ಚಿರಬೇಕು, ಹಾವುಗೀವು ನಮ್ಮಲ್ಲಿ ಇಲ್ಲ ಎಂದು ದಾರಿಯುದ್ದಕ್ಕೂ ಹೇಳಿದರು. ಮುಂದಿನ ಸೀಟಿನಲ್ಲಿ ನಮ್ಮ ಮನೆಯವರು ಮತ್ತು ಅವರು ದನಿ ತಗ್ಗಿಸಿ ಮಾತಾಡುತ್ತಿದ್ದರು. ಗೀತಾ ಹಿಂದೆ ನನ್ನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಧಾರವಾಡ ಬಂತು. ಒಂದು ಆಸ್ಪತ್ರೆಯ ಬೋರ್ಡು ಕಂಡಿತು, ಇನ್ನೊಂದು ಕಂಡಿತು, ಕಾರು ನಿಲ್ಲಲಿಲ್ಲ. ಇಲ್ಲೇ ತೋರಿಸಿ ಎಂದೆ. ಹುಬ್ಬಳ್ಳಿಯಲ್ಲಿ ಪರಿಚಯದ ಡಾಕ್ಟರು ಇದ್ದಾರೆ ಎಂದರು. ರಾಯಾಪುರ ದಾಟುವಾಗ ನನ್ನ ನಾಲಿಗೆಗೆ ರಕ್ತದ ರುಚಿ ಹತ್ತಿತ್ತು. ಧಾರವಾಡದಲ್ಲಿ ಯಾಕೆ ನಿಲ್ಲಲಿಲ್ಲ ಎಂಬುದು ನನಗೆ ತಿಳಿದದ್ದು ಹತ್ತಿರ ಹತ್ತಿರ ಒಂದು ತಿಂಗಳ ಮೇಲೆ.

ಪರಿಚಯದ ಆ ಸಣ್ಣ ನರ್ಸಿಂಗ್ ಹೋಮಿನಲ್ಲಿ ಮುಳ್ಳು ಚುಚ್ಚಿದ್ದಕ್ಕೆ ಕೊಡುವ ಇಂಜೆಕ್ಷನ್ ಕೊಟ್ಟು, ಮಂಚದ ಮೇಲೆ ಮಲಗಿಸಿದರು. ಹಾವು ಇರಬಹುದು ಎಂದು ನಾನು ತೊದಲಿದೆ. ಹೆದರಿದ್ದಾಳೆ ಎಂದು ನಮ್ಮ ಮನೆಯವರು ಡಾಕ್ಟರಿಗೆ ಹೇಳುವುದು ಕೇಳಿಸಿತು. ಹೊರಗೆ ಬೆಂಚಿನ ಮೇಲೆ ಅತ್ತೆ ಕುಳಿತು ನಾಮಸ್ಮರಣೆ ಮಾಡುತ್ತಿದ್ದರು. ಹೊತ್ತು ಇಳಿಯುವ ತನಕ ಹಾಗೇ ಇದ್ದೆ. ಪಾಳಿ ಬದಲಾಗಿ ಬಂದ ಇನ್ನೊಬ್ಬ ಡಾಕ್ಟರು, ಸಣ್ಣ ವಯಸ್ಸಿನ ಹೆಣ್ಣುಮಗಳು, ನನ್ನ ಒಸಡು ನೋಡಿದವಳೇ ಗಾಜಿನ ಕೊಳವೆಯಲ್ಲಿ ಒಂದಿಷ್ಟು ರಕ್ತ ತೆಗೆದು ಕಿಟಕಿಯ ಕಟ್ಟೆಯ ಮೇಲೆ ಇಟ್ಟು, ಗಡಿಯಾರ ನೋಡುತ್ತ ಅಲ್ಲೇ ನಿಂತಳು. ಇಪ್ಪತ್ತು ನಿಮಿಷದ ಮೇಲೆ ಕೊಳವೆ ಓರೆ ಮಾಡಿದಳು. ರಕ್ತ ಹೆಪ್ಪುಗಟ್ಟಿರಲಿಲ್ಲ, ನೀರಿನ ಹಾಗೆ ಹರಿಯಿತು.

"ಇದು ಮುಳ್ಳಲ್ರಿ," ಎಂದಳು ನಮ್ಮ ಮನೆಯವರ ಮುಖ ನೋಡಿ. "ಇಷ್ಟೊತ್ತು ಏನ್ ಮಾಡಾಕತ್ತಿದ್ರಿ?"

ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ವಿಷಕ್ಕೆ ಕೊಡುವ ಔಷಧ ಬಾಟಲಿ ಬಾಟಲಿ ಹೋಯಿತು. ಜೀವ ಉಳಿಯಿತು, ಮೂತ್ರ ನಿಂತಿತು. ಮೂರನೆಯ ದಿನ ಡಯಾಲಿಸಿಸ್ ಎಂಬ ಶಬ್ದ ಕೇಳಿದೆ.

ಆಸ್ಪತ್ರೆಯಲ್ಲಿ ಕಳೆದ ಇಪ್ಪತ್ತೇಳು ದಿನಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗಿದ್ದದ್ದು ನೀರು. ದಿನಕ್ಕೆ ಎರಡು ಲೋಟ ಮಾತ್ರ, ಅದರಲ್ಲೇ ಗುಳಿಗೆ ನುಂಗಬೇಕು. ಕನಸಿನಲ್ಲಿ ನಳ ಬರುತ್ತಿತ್ತು. ಹುಸೇನಬಿ ಎಂಬ ಆಯಾ ಒಂದು ಮಂಜುಗಡ್ಡೆಯ ಚೂರನ್ನು ಬಟ್ಟೆಯಲ್ಲಿ ಸುತ್ತಿ ತುಟಿಗೆ ಒತ್ತಿ, ನುಂಗಬ್ಯಾಡವಾ, ಚೀಪು ಎನ್ನುತ್ತಿದ್ದಳು. ಅವಳ ಕೈಯ ಋಣ ನನ್ನ ಮೇಲಿದೆ. ಡಯಾಲಿಸಿಸ್ ಕೋಣೆಯ ಹೊರಗೆ ಪಾಳಿಗೆ ಕಾಯುವಾಗ ರೇಲ್ವೆಯಿಂದ ನಿವೃತ್ತರಾದ ಗಾರ್ಡ್ ಒಬ್ಬರು ಹೆಚ್ಚುಕಡಿಮೆ ಪ್ರತಿ ಸಲವೂ ಸಿಗುತ್ತಿದ್ದರು. ಅವರ ಕಿಡ್ನಿ ತಿರುಗಿ ಬರುವಂಥದ್ದಲ್ಲ, ಅದು ಅವರಿಗೂ ಗೊತ್ತಿತ್ತು. ಆದರೂ ನನ್ನನ್ನು ನಗಿಸುವುದು ಬಿಡಲಿಲ್ಲ. ನಿಮ್ಮ ಗಾಡಿ ಬರೀ ಸಿಗ್ನಲ್ ಸಿಗದೆ ನಿಂತಿದೆ ಟೀಚರ್, ನನ್ನದು ಹಳಿಯನ್ನೇ ಕಿತ್ತಿದ್ದಾರೆ ಎನ್ನುತ್ತಿದ್ದರು. ಹದಿನೇಳನೆಯ ದಿನ ಬೆಳಿಗ್ಗೆ ಅರ್ಧ ಲೋಟದಷ್ಟು ಮೂತ್ರ ಬಂದಾಗ ಹುಸೇನಬಿ ಇಡೀ ವಾರ್ಡಿಗೆ ಡಂಗುರ ಸಾರಿದಳು. ಆ ಸುದ್ದಿಗೆ ಗಾರ್ಡ್ ಸಾಹೇಬರು ತಮ್ಮ ಹಸಿರು ಶಾಲನ್ನು ಬಾವುಟದ ಹಾಗೆ ಬೀಸಿದರು.

ನಮ್ಮ ಮನೆಯವರ ಬಗ್ಗೆಯೂ ಇದ್ದದ್ದನ್ನು ಹೇಳಬೇಕು. ಅಂಗಡಿಯನ್ನು ಆಳುಗಳ ಮೇಲೆ ಬಿಟ್ಟು ನನ್ನ ಮಂಚದ ಪಕ್ಕದಲ್ಲೇ ಕುಳಿತರು. ಕಾಲು ಒತ್ತಿದರು. ನಾನು ನಿದ್ದೆ ಮಾಡುತ್ತಿದ್ದೇನೆ ಎಂದುಕೊಂಡು ಗೋಡೆಗೆ ಮುಖ ಮಾಡಿ ಅತ್ತರು. ಇಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ನರ್ಸುಗಳು ಅಂದರು. ನಾನೂ ಹಾಗೇ ಅಂದುಕೊಂಡೆ.

ನೀಲವ್ವ ಬಂದದ್ದು ನಾಲ್ಕನೆಯ ವಾರ. ನನ್ನ ಚಪ್ಪಲಿಗಳು ಅಲ್ಲಿಯ ಗೂಡಿನಲ್ಲೇ ಉಳಿದಿದ್ದವಲ್ಲ, ಅವನ್ನು ಚೀಲದಲ್ಲಿ ಹಾಕಿಕೊಂಡು ಎರಡು ಬಸ್ಸು ಬದಲಿಸಿ ಬಂದಿದ್ದಳು. ಮನೆಯವರು ಚಹಾಕ್ಕೆ ಹೋಗಿದ್ದರು. ಅವಳು ಮಂಚದ ಕೆಳಗೆ ಚಪ್ಪಲಿ ಇಟ್ಟು, ಕೂಡ್ರಲೊಲ್ಲದೆ ನಿಂತೇ ಹೇಳಿದಳು.

"ಅಕ್ಕಾರ, ನೀವು ಕಾರ್ ಹತ್ತೂದ್ರಾಗ ಬಣವ್ಯಾಗಿಂದ ಹಾವು ಹೊಡದಿದ್ರು. ಕೊಳಕಮಂಡಲ. ನನ್ನ ತೋಳಿನಷ್ಟು ದಪ್ಪ ಇತ್ತು. ಸಾವಕಾರ್ರು ನೋಡ್ಯಾರ. ಸಂಜೀಕ ತಿರುಗಿ ಬಂದು, ಅಯ್ಯನವರನ್ನ ಕರಸಿ, ತುಪ್ಪಾ ಹಾಕಿ ಸುಡಿಸಿದ್ರು. ಮನ್ಯಾಗ ಲಗ್ನ ಐತಿ, ದೋಷ ಹತ್ತಬಾರದು ಅಂತ. ತಪ್ಪಾತು ಅಂತ ಕೈ ಮುಗದು ಬೇಡಿಕೊಂಡ್ರು."

ಯಾವಾಗ ಎಂದು ಕೇಳಿದೆ. ಅದೇ ದಿನ ಎಂದಳು. ಹಿಂದಿನ ವಾರವೂ ಎರಡು ಹೊಡೆದಿದ್ದರಂತೆ, ಬಂದ ಜನಕ್ಕೆ ಹೇಳಬಾರದು ಎಂದು ತಾಕೀತು ಮಾಡಿದ್ದರಂತೆ. ತನ್ನ ಕೆಲಸ ಹೋಗುತ್ತದೆ, ಯಾರ ಮುಂದೂ ತನ್ನ ಹೆಸರು ಎತ್ತಬೇಡಿ ಎಂದು ಕಣ್ಣೊರೆಸಿಕೊಂಡು ಹೋದಳು. ಇಲ್ಲಿ ಅವಳ ಹೆಸರನ್ನೂ, ಉಳಿದವರ ಹೆಸರನ್ನೂ ಬದಲಿಸಿದ್ದೇನೆ.

ನಾನು ಲೆಕ್ಕ ಹಾಕಿ ನೋಡಿದೆ. ಕಿಟಕಿಯ ಕಟ್ಟೆಯ ಮೇಲೆ ನನ್ನ ರಕ್ತ ಹೆಪ್ಪುಗಟ್ಟುತ್ತದೋ ಇಲ್ಲವೋ ಎಂದು ಆ ಡಾಕ್ಟರ್ ಹುಡುಗಿ ಕಾಯುತ್ತಿದ್ದ ಹೊತ್ತಿಗೆ, ಶಂಕ್ರಪ್ಪನವರು ಹಾವಿಗೆ ತುಪ್ಪ ಹಾಕುತ್ತಿದ್ದರು. ಹಾವಿನ ಕ್ಷಮೆ ಕೇಳಿದ ಮನುಷ್ಯ ಡಾಕ್ಟರಿಗೆ ಹಾವು ಎಂಬ ಎರಡಕ್ಷರ ಹೇಳಲಿಲ್ಲ. ನನಗೆ ಅಂದು ಬಂದ ಸಿಟ್ಟು ಬಹುಶಃ ಡಯಾಲಿಸಿಸ್‌ನಲ್ಲೂ ಸೋಸಿ ಹೋಗಿಲ್ಲ.

ಮನೆಗೆ ಬಿಡುವ ದಿನ ಆಸ್ಪತ್ರೆಯ ಕಾಗದಗಳನ್ನು ಕೈಗೆ ಕೊಟ್ಟರು. ಟೀಚರ್ ಅಲ್ಲವೇ, ಅಕ್ಷರ ಕಂಡರೆ ಓದದೆ ಬಿಡುವವಳಲ್ಲ. ನರ್ಸಿಂಗ್ ಹೋಮಿನ ಮೊದಲ ಹಾಳೆಯಲ್ಲಿ ಬರೆದಿತ್ತು: ಗೋಪನಕೊಪ್ಪದ ಮನೆಯ ಹಿತ್ತಲಿನಲ್ಲಿ ಕಟ್ಟಿಗೆ ತೆಗೆಯುವಾಗ ಮುಳ್ಳು ಚುಚ್ಚಿದ್ದು. ಕೆಳಗೆ ನಮ್ಮ ಮನೆಯವರ ಸಹಿ. ದೊಡ್ಡ ಆಸ್ಪತ್ರೆಯ ಹಾಳೆಯಲ್ಲಿ ಮುಳ್ಳು ಹೋಗಿ ಹಾವು ಬಂದಿತ್ತು, ಹಿತ್ತಿಲು ಮಾತ್ರ ಹಾಗೇ ಇತ್ತು. ಅಲ್ಲಿಯೂ ಅವರದೇ ಸಹಿ. ಆಗ ನನಗೆ ಧಾರವಾಡದ ಗುಟ್ಟು ತಿಳಿಯಿತು. ಗೋಪನಕೊಪ್ಪದ ಹಿತ್ತಿಲಲ್ಲಿ ಕಚ್ಚಿಸಿಕೊಂಡವಳು ಧಾರವಾಡದ ಆಸ್ಪತ್ರೆಗೆ ಹೇಗೆ ಬಂದಾಳು? ಸುಳ್ಳು ಹೊಂದಬೇಕಲ್ಲ, ಅದಕ್ಕೆ ನನ್ನನ್ನು ಅಷ್ಟು ದೂರ ಹೊತ್ತು ತಂದಿದ್ದರು.

ಕೇಳಿದೆ. ಅವರು ಅಲ್ಲಗಳೆಯಲಿಲ್ಲ. ಕೇರೆ ಹಾವು, ವಿಷದ್ದಲ್ಲ ಎಂದು ಶಂಕ್ರಪ್ಪನವರು ಕಾರಿನಲ್ಲಿ ಹೇಳಿದರಂತೆ. ಆಸ್ಪತ್ರೆಯ ಕಾಗದದಲ್ಲಿ ರಿಸಾರ್ಟಿನ ಹೆಸರು ಬಂದರೆ ಪೊಲೀಸರು ಬರುತ್ತಾರೆ, ಅದು ಮುಚ್ಚುತ್ತದೆ, ಸಂಬಂಧ ಮುರಿಯುತ್ತದೆ ಎಂದರಂತೆ. ಕೇರೆ ಹಾವು ಎಂದೇ ಬರೆಸಬಹುದಿತ್ತಲ್ಲ, ಮುಳ್ಳು ಯಾಕೆ ಬರೆಸಿದಿರಿ ಎಂದೆ. ಅವರು ಕಾಗದಗಳನ್ನು ಮಡಚಿ ಚೀಲದೊಳಗೆ ಇಟ್ಟರು. ಗೀತಾಳ ಲಗ್ನ ಆಗಲಿ, ಆಮೇಲೆ ಏನಾದರೂ ಹೇಳೋಣ ಎಂದು ಅತ್ತೆ ನಡುವೆ ಬಂದರು. ಗೀತಾಳಿಗೆ ಈ ಕಾಗದಗಳ ವಿಷಯ ಗೊತ್ತಾಗಬಾರದು ಎಂದು ಇಬ್ಬರೂ ನನ್ನಿಂದ ಮಾತು ತೆಗೆದುಕೊಂಡರು. ಆಗಲಿ ಎಂದೆ. ನಿತ್ರಾಣದಲ್ಲಿ ಮನುಷ್ಯ ಏನಕ್ಕಾದರೂ ಹೂಂ ಅನ್ನುತ್ತಾನೆ.

ವಾರದ ಮೇಲೆ ಶಂಕ್ರಪ್ಪನವರು ಮೋಸಂಬಿ ಚೀಲ ಹಿಡಿದು ನೋಡಲು ಬಂದರು. ನಿಸರ್ಗ ಎಂದ ಮೇಲೆ ಹಾವು ಇರುವುದೇ, ಅದಕ್ಕೆ ಯಾರು ಹೊಣೆ ಎಂದು ಸಮಾಧಾನ ಹೇಳಿದರು.

"ಹಾವು ಇರಲಿ ಬಿಡ್ರಿ, ಅದರ ಮ್ಯಾಲ ನನಗ ಸಿಟ್ಟಿಲ್ಲ," ಎಂದೆ. "ನೀವು ಚಪ್ಪಲಿ ಯಾಕ ಬಿಚ್ಚಿಸಿದ್ರಿ? ವಾರದಾಗ ಎರಡು ಹೊಡದಿದ್ರಿ, ಬಣವಿ ಕಡೆ ಹೋಗಬ್ಯಾಡ್ರಿ ಅಂತ ಒಂದ್ ಮಾತು ಯಾಕ ಹೇಳಲಿಲ್ಲ?"

ಅವರಿಗೆ ಸಿಟ್ಟು ಬರಲಿಲ್ಲ. ಮಕ್ಕಳಿಗೆ ತಿಳಿಹೇಳುವ ದನಿಯಲ್ಲಿ, "ಹಂಗ ಹೇಳಿದ್ರ ಮಂದಿ ಬರತಾರೇನ್ರಿ?" ಎಂದರು.

ಅಷ್ಟರಲ್ಲಿ ಡಿಸೆಂಬರ್ ಹತ್ತಿರ ಬಂದಿತ್ತು. ನಾನು ಮತ್ತೆ ಶಾಲೆಗೆ ಹೋದ ದಿನವೇ ನೋಟಿಸ್ ಬೋರ್ಡಿನ ಮೇಲೆ ಮಕ್ಕಳ ಟ್ರಿಪ್ಪಿನ ಚೀಟಿ ಕಂಡಿತು. ಐದು, ಆರನೆಯ ತರಗತಿಯ ಮಕ್ಕಳು, ಶಂಕ್ರಪ್ಪನವರ ರಿಸಾರ್ಟಿಗೆ. ದಸರೆಗೆ ಮೊದಲು ಹೆಡ್ ಮಾಸ್ತರರಿಗೆ ಆ ಜಾಗದ ಹೆಸರು ಹೇಳಿದವಳು ನಾನೇ, ನಮ್ಮ ಬೀಗರದು ಎಂಬ ಜಂಬದಿಂದ. ಐದನೆಯ ತರಗತಿಯಲ್ಲಿ ನನ್ನ ನಲವತ್ತೆರಡು ಮಕ್ಕಳು. ಬೂಟು ಬಿಚ್ಚಿ ಎಂದರೆ ಕುಣಿದಾಡಿ ಬಿಚ್ಚುವ ವಯಸ್ಸು, ಬಣವಿ ಕಂಡರೆ ಹತ್ತದೆ ಬಿಡುವವರಲ್ಲ.

ಹೆಡ್ ಮಾಸ್ತರರಿಗೆ ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ, ಹೆದರುಪುಕ್ಕಲರು. ನನ್ನ ರಜೆಯ ಅರ್ಜಿಗೆ ಲಗತ್ತಿಸಿದ್ದ ಆಸ್ಪತ್ರೆಯ ಕಾಗದ ತೆಗೆದು ಮುಂದಿಟ್ಟರು. ಇದರಲ್ಲಿ ನಿಮ್ಮ ಮನೆಯ ಹಿತ್ತಿಲು ಎಂದಿದೆಯಲ್ಲ, ಬೀಗರ ಜಗಳವನ್ನು ಶಾಲೆಗೆ ಯಾಕೆ ತರುತ್ತೀರಿ ಎಂದರು. ನಿಮ್ಮ ಯಜಮಾನರು ಬಂದು ಒಂದು ಮಾತು ಹೇಳಲಿ, ಟ್ರಿಪ್ ರದ್ದು ಮಾಡುತ್ತೇನೆ ಎಂದೂ ಹೇಳಿದರು.

ಆ ಸಂಜೆ ನಮ್ಮ ಮನೆಯವರ ಮುಂದೆ ಕುಳಿತು ಬೇಡಿಕೊಂಡೆ. ಪೊಲೀಸು ಬೇಡ, ಕಾಗದ ತಿದ್ದುವುದು ಬೇಡ, ನಾಲ್ಕು ಗೋಡೆಯ ನಡುವೆ ಒಂದು ಮಾತು ಸಾಕು, ಮಕ್ಕಳ ಜೀವದ ಪ್ರಶ್ನೆ ಎಂದೆ. ಅವರು ಬರುತ್ತೇನೆ ಎಂದರು. ಬಂದರು ಕೂಡ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತರು. ಹೆಡ್ ಮಾಸ್ತರರು ಚಹಾ ತರಿಸಿ, ಅವರನ್ನು ಕೇಳಿದರು, ಟೀಚರಿಗೆ ಎಲ್ಲಿ ಕಚ್ಚಿತು ಎಂದು.

ಅವರು ನನ್ನ ಕಡೆ ನೋಡಲಿಲ್ಲ.

"ಮನಿ ಹಿತ್ತಲದಾಗ್ರಿ," ಎಂದರು.

ಹಾವು ಕಚ್ಚಿದ್ದು ಒಂದು ಕ್ಷಣ. ಇದು ಹಾಗಲ್ಲ, ಈಗಲೂ ಚಹಾದ ಕಪ್ಪು ಸಾಸರಿಗೆ ತಾಗುವ ಸಪ್ಪಳಕ್ಕೆ ಆ ಕೋಣೆ ಕಣ್ಣ ಮುಂದೆ ಬರುತ್ತದೆ. ಹೊರಗೆ ಬಂದ ಮೇಲೆ ಅವರು ನನ್ನ ಭುಜ ಮುಟ್ಟಲು ಬಂದರು. ನಾನು ತರಗತಿಗೆ ನಡೆದೆ.

ಮಕ್ಕಳ ದಿನಚರಿ ಪುಸ್ತಕಗಳನ್ನು ತರಿಸಿದೆ. ಒಂದೊಂದರಲ್ಲೂ ನನ್ನ ಕೈಯಾರೆ ಪಾಲಕರಿಗೆ ಬರೆದೆ: ಟ್ರಿಪ್ ಹೋಗುವ ಜಾಗದಲ್ಲಿ ನನಗೆ ಹಾವು ಕಚ್ಚಿದೆ. ಅಲ್ಲಿ ಮಕ್ಕಳ ಬೂಟು ಬಿಚ್ಚಿಸುತ್ತಾರೆ. ಕಳಿಸುವುದು ಬಿಡುವುದು ನಿಮಗೆ ಬಿಟ್ಟದ್ದು. ಕೆಳಗೆ ಪೂರ್ತಿ ಹೆಸರು ಹಾಕಿ ಸಹಿ ಮಾಡಿದೆ. ನಲವತ್ತೆರಡು ಸಲ ಬರೆಯುವಷ್ಟರಲ್ಲಿ ಮಧ್ಯಾಹ್ನದ ಗಂಟೆ ಹೊಡೆಯಿತು. ಮರುದಿನ ಶಾಲೆಯ ಗೇಟಿನಲ್ಲಿ ಪಾಲಕರು ಸೇರಿದರು, ಟ್ರಿಪ್ ರದ್ದಾಯಿತು. ನನಗೆ ನೋಟಿಸು ಬಂತು. ಅದನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಊರ ಬಾಯಿಯಿಂದ ಸುದ್ದಿ ಗೀತಾಳ ಕಿವಿಗೆ ಬೀಳಲು ಎರಡು ದಿನವೂ ಹಿಡಿಯಲಿಲ್ಲ. ಅವಳು ನನ್ನ ಕಪಾಟಿನಿಂದ ಆಸ್ಪತ್ರೆಯ ಕಾಗದಗಳನ್ನು ತೆಗೆದು, ಓದಿ, ಹೊರಗಿನ ಕೋಣೆಗೆ ಬಂದಳು. ಅವಳ ಅಣ್ಣ ಅಂಗಡಿಗೆ ಹೊರಟು ನಿಂತಿದ್ದರು. ಅತ್ತೆ ಪಡಸಾಲೆಯಲ್ಲಿ ಕಾಳು ಹಸನು ಮಾಡುತ್ತಿದ್ದರು. ನಾನು ಅಡಿಗೆಮನೆಯ ಬಾಗಿಲಲ್ಲಿದ್ದೆ.

"ನಾ ಆ ಮನಿಗೆ ಹೋಗಂಗಿಲ್ಲ," ಎಂದಳು ಗೀತಾ. ಅತ್ತೆ ಬಾಯಿ ತೆರೆದರು, ಅವಳು ಕೈ ಅಡ್ಡ ಮಾಡಿದಳು. "ಅಣ್ಣಾ, ಒಂದು ಕೇಳತೀನಿ, ಖರೇ ಹೇಳು. ಅವತ್ತು ನಳದ ಕಡೆ ವೈನಿ ಹೋಗಲಿಲ್ಲ, ನಾ ಹೋಗಿದ್ದೆ ಅಂತ ತಿಳಕೊ. ನನ್ನ ಕಾಲಿಗೆ ಕಡದಿದ್ರೂ ಮುಳ್ಳು ಅಂತ ಬರಸತಿದ್ದೇನು?"

ನಮ್ಮ ಮನೆಯವರಿಗೆ ಯೋಚಿಸಲು ಹೊತ್ತು ಬೇಕಾಗಲಿಲ್ಲ. ತಂಗಿಯ ತಲೆಯ ಮೇಲೆ ಕೈ ಇಟ್ಟರು, ಅವರ ಕಣ್ಣು ತುಂಬಿ ಬಂತು.

"ಹುಚ್ಚಿ," ಎಂದರು. "ನಿನಗ ಕಡದಿದ್ರ ಧಾರವಾಡದಾಗ ಇಳಸತಿದ್ದೆ."

ಹಾವು ಕಚ್ಚಿದ ಮಧ್ಯಾಹ್ನದಿಂದ ಅಲ್ಲಿಯ ತನಕ ಅವರು ಆಡಿದ ಮಾತುಗಳಲ್ಲಿ ಅದೊಂದೇ ಖರೆ ಇತ್ತು. ನಾನು ಅಲ್ಲೇ ಬಾಗಿಲಲ್ಲಿ ನಿಂತಿದ್ದೇನೆ ಎಂಬುದು ಅವರಿಗೆ ಗೊತ್ತಿತ್ತು.